ಪೆಟ್ಟಿಗೆ ಬಿಚ್ಚಿದ ಮೇಲೆ ಸೀಟಿಗೆ ಯಾವ ಬೋಲ್ಟ್?

ಬೈಕಿನ ಹಿಂದಿನ ಸಾಮಾನು ಪೆಟ್ಟಿಗೆಯನ್ನೂ ಅದರ ಕ್ಯಾರಿಯರನ್ನೂ ಬಿಚ್ಚಿ ಹುಬ್ಬಳ್ಳಿಯಿಂದ ಗದಗಕ್ಕೆ ಹೊರಟಿದ್ದೆ. ಅಣ್ಣಿಗೇರಿ ದಾಟುವಷ್ಟರಲ್ಲಿ ಸೀಟು ಅಲುಗಾಡತೊಡಗಿತು. ಸೀಟಿನ ಬೋಲ್ಟಿನಲ್ಲೇ ಕ್ಯಾರಿಯರ್ ಪಟ್ಟಿಯೂ ಕೂರುತ್ತಿತ್ತು; ಆ ಪಟ್ಟಿಯ ದಪ್ಪಕ್ಕೆಂದು ಹಾಕಿದ್ದ ಉದ್ದ ಬೋಲ್ಟನ್ನೇ ಮತ್ತೆ ತಿರುಗಿಸಿದ್ದೆ. ಅದು ತೂತಿನ ತಳ ಮುಟ್ಟಿ ನಿಂತಿತ್ತು. ತಲೆಯ ಕೆಳಗೆ ಉಗುರು ತೂರುವಷ್ಟು ಸಂದು.

ಆ ಉದ್ದ ಬೋಲ್ಟನ್ನು ಉಳಿಸಿಕೊಂಡು, ಪಟ್ಟಿಯಿದ್ದಷ್ಟೇ ದಪ್ಪದ ಬುಷ್ (ಬೋಲ್ಟಿಗೆ ತೊಡಿಸುವ ಗಿಡ್ಡ ಕೊಳವೆ) ಹಾಕಬಹುದು. ಪೆಟ್ಟಿಗೆಯನ್ನು ಆಗಾಗ ಹಾಕಿ ತೆಗೆಯುವವರಿಗೆ ಇದೇ ಅನುಕೂಲ. ಆದರೆ ಬುಷ್ ಬದಲು ನಾಲ್ಕೈದು ತೆಳು ವಾಷರ್ ಪೇರಿಸಬೇಡಿ. ಅವು ಜರುಗುತ್ತವೆ, ನಡುವೆ ಮಳೆನೀರು ನಿಂತು ತುಕ್ಕು ಹಿಡಿಯುತ್ತದೆ.

ಪೆಟ್ಟಿಗೆ ಇನ್ನು ಬೇಡವೇ ಬೇಡ ಎನ್ನುವವರಿಗೆ ಕಂಪನಿ ಅಳತೆಯ ಗಿಡ್ಡ ಬೋಲ್ಟೇ ಸರಿ; ನಾನೂ ಅದನ್ನೇ ಹಾಕಿಸಿದೆ. ಅಂಗಡಿಗೆ ಹಳೆಯ ಬೋಲ್ಟನ್ನು ಒಯ್ಯಿರಿ. ದಪ್ಪ ಒಂದೇ ಇದ್ದರೂ ಥ್ರೆಡ್ಡಿನ (ಬೋಲ್ಟಿನ ಸುರುಳಿ ಗೆರೆಗಳ) ಅಂತರ ಬೇರೆ ಇರಬಹುದು. 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 1 ಮಿ.ಮೀ., 8 ಮಿ.ಮೀ. ಬೋಲ್ಟಿಗೆ 1.25. ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ತಿರುಗಬೇಕು. ತಡೆದರೆ ಪಾನಾ ಹಾಕಿ ಒತ್ತಾಯಿಸಬೇಡಿ, ಚೌಕಟ್ಟಿನ ಥ್ರೆಡ್ ಹಾಳಾಗುತ್ತದೆ.

ಅಲುಗಾಡುವ ಸೀಟಿಗೆ ರಬ್ಬರ್ ಹಗ್ಗ ಬಿಗಿದು ಓಡಿಸುವುದು ಮನೆ ಮುಟ್ಟುವವರೆಗೆ ಮಾತ್ರ, ಅದೂ ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ.