ಬಂಗಾರ ಅಪ್ಪಟ, ನಾಣ್ಯ ಖೋಟಾ

ಸಾಲಿಡಸ್ ಕೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿರುವವರು ದಯವಿಟ್ಟು ಇದನ್ನು ಓದಿ. ರೋಮನ್ ದೊರೆ ಕಾನ್‌ಸ್ಟಂಟೈನ್ ಶುರು ಮಾಡಿದ ಬಂಗಾರದ ನಾಣ್ಯ ಅದು. ಒಂದು ರೋಮನ್ ಪೌಂಡ್ ಬಂಗಾರಕ್ಕೆ 72 ನಾಣ್ಯದ ಲೆಕ್ಕ, ಅಂದರೆ ಒಂದೊಂದೂ ಸುಮಾರು 4.5 ಗ್ರಾಂ.

ಲಂಡನ್‌ನ ಒಂದು ನಾಣ್ಯ ಮೇಳದಲ್ಲಿ ನನಗೆ ಮಾರಿದ್ದು ಐದನೇ ಶತಮಾನದ ರೋಮನ್ ದೊರೆ ಎರಡನೇ ಥಿಯೊಡೋಸಿಯಸ್‌ನದು. ಶಿರಸ್ತ್ರಾಣ ತೊಟ್ಟು, ಹೆಗಲ ಮೇಲೆ ಈಟಿ ಇಟ್ಟುಕೊಂಡು ನಮ್ಮ ಕಡೆಗೇ ನೋಡುವ ದೊರೆ. ಹಿಂಬದಿಯಲ್ಲಿ ಸಿಂಹಾಸನದ ಮೇಲೆ ಕುಳಿತ ಕಾನ್‌ಸ್ಟಾಂಟಿನೋಪಲ್ ನಗರದೇವಿ. ಅಪರೂಪದ ನಾಣ್ಯವೇನಲ್ಲ. ಈ ದೊರೆ ಹೂಣರನ್ನು ದೂರ ಇಡಲು ವರ್ಷವರ್ಷ ಬಂಗಾರ ಸುರಿದವನು. 435ರ ಹೊತ್ತಿಗೆ ವರ್ಷಕ್ಕೆ 700 ಪೌಂಡ್, 447ರ ಸೋಲಿನ ನಂತರ ಹೂಣರ ದೊರೆ ಅಟಿಲನಿಗೆ 2100 ಪೌಂಡ್! ಹೂಣರು ನೆಲೆಸಿದ್ದು ಈಗಿನ ಹಂಗೇರಿ ಕಡೆ. ಹಾಗಾಗಿ 'ಹಂಗೇರಿ ಕಡೆಯ ಹಳೇ ಮನೆತನದ ಸಂಗ್ರಹ' ಅಂತ ಮಾರುವವನು ಹೇಳಿದರೆ ಯಾರಿಗೂ ಅನುಮಾನ ಬರಲ್ಲ.

ಅವನು ತಕ್ಕಡಿಯಲ್ಲಿಟ್ಟು ತೋರಿಸಿದ, ತೂಕ ಸರಿ. ಬಂಗಾರ ಪರೀಕ್ಷೆಯ ವರದಿ ಕೊಟ್ಟ, ಅದೂ ಸರಿ. ಮೋಸ ಇರುವುದೇ ಇಲ್ಲಿ. ಒರೆಗಲ್ಲಾಗಲಿ ಯಂತ್ರವಾಗಲಿ ಹೇಳುವುದು ಬಂಗಾರದ ವಿಷಯ ಮಾತ್ರ. ಅದಕ್ಕೆ ಅಚ್ಚು ಹೊಡೆದದ್ದು ಐದನೇ ಶತಮಾನದಲ್ಲೋ ಹೋದ ವರ್ಷವೋ, ಅದು ಹೇಗೆ ಗೊತ್ತಾಗಬೇಕು?

ದೊರೆಯ ಎಡಗಣ್ಣಿನ ಕೆಳಗೆ ಉಗುರು ಒತ್ತಿದಂಥ ಸಣ್ಣ ತಗ್ಗು ಇತ್ತು. ಹಳೇ ನಾಣ್ಯಕ್ಕೆ ಅದೊಂದು ಲಕ್ಷಣ ಅನ್ನಿಸುವ ಹಾಗಿತ್ತು. ಆಮೇಲೆ ಒಂದು ಹರಾಜು ಸಂಸ್ಥೆಗೆ ಫೋಟೋ ಕಳಿಸಿದಾಗ ಅವರು ಬೇರೆ ಎರಡು ನಾಣ್ಯಗಳ ಫೋಟೋ ವಾಪಸ್ ಕಳಿಸಿದರು. ಎರಡರಲ್ಲೂ ಅದೇ ಜಾಗದಲ್ಲಿ ಅದೇ ತಗ್ಗು. ಈಟಿಯ ಪಕ್ಕದ ಗೀರು ಕೂಡ ಅದೇ.

ಒಂದೇ ಅಚ್ಚಿನಿಂದ ಹಲವು ನಾಣ್ಯ ಬರುವುದು ಸಹಜ. ಆದರೆ ಕೈಯಿಂದ ಕೈಗೆ ಓಡಾಡಿ ಬಿದ್ದ ಪೆಟ್ಟು, ಗೀರು ಮೂರಕ್ಕೂ ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ. ಒಂದು ಅಸಲಿ ನಾಣ್ಯದಿಂದಲೇ ಹೊಸ ಅಚ್ಚು ತೆಗೆದಿದ್ದಾರೆ, ಅದರ ಗಾಯಗಳೂ ಅಚ್ಚಿಗೆ ಇಳಿದಿವೆ. ನಿಜವಾದ ಬಂಗಾರ ಹಾಕಿಯೂ ಅವರಿಗೆ ಲಾಭ, ಯಾಕೆಂದರೆ ಸಂಗ್ರಹಕಾರರು ಕೊಡುವ ಬೆಲೆ ಕರಗಿಸಿದ ಬೆಲೆಗಿಂತ ಎಷ್ಟೋ ಜಾಸ್ತಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಮಾರಿದವನು, 'ಬಂಗಾರ ಅಂತ ಹೇಳಿದ್ದೆ, ಬಂಗಾರವೇ ಕೊಟ್ಟಿದ್ದೇನೆ' ಅಂದ. ರಸೀದಿ ತೆಗೆದು ನೋಡಿದರೆ ಅದರಲ್ಲಿ ಇರುವುದೂ 'ಬಂಗಾರದ ನಾಣ್ಯ, 4.4 ಗ್ರಾಂ' ಅಂತ ಅಷ್ಟೇ. ದೊರೆಯ ಹೆಸರಿಲ್ಲ, ಕಾಲವಿಲ್ಲ. ಹಾಗಾಗಿ ದೊರೆ, ಟಂಕಸಾಲೆ, 'ಅಸಲಿ ಅಲ್ಲದಿದ್ದರೆ ಯಾವಾಗ ಬೇಕಾದರೂ ವಾಪಸ್', ಮೂರನ್ನೂ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಹಿಂದೆ ಯಾವ ಹರಾಜಿನಲ್ಲಿತ್ತು ಅಂತ ಕೇಳಿ, ಆ ಹಳೇ ಫೋಟೋ ಜೊತೆ ಅಂಚಿನ ಆಕಾರ ಹೋಲಿಸಿ. ಕಥೆ ಎಷ್ಟು ಚೆನ್ನಾಗಿದ್ದರೂ ಸುಮ್ನೆ ಕೇಳಿ ಬಿಟ್ಟುಬಿಡಿ.

ಊರ ಕಡೆ ಇರುವವರಿಗೆ ಇನ್ನೊಂದು ಮಾತು. ಹಾನಗಲ್ ತಾಲ್ಲೂಕಿನ ಅಕ್ಕಿ ಆಲೂರಿನಲ್ಲಿ ಇಂಥ ಬಂಗಾರದ ನಾಣ್ಯಗಳ ನಿಧಿ ಸಿಕ್ಕಿದ್ದು ನಿಜ. ಅದನ್ನೇ ಹೇಳಿಕೊಂಡು 'ನಮ್ಮ ಹೊಲದಲ್ಲಿ ಸಿಕ್ಕಿತು' ಅಂತ ಬರುವವರು ಇರುತ್ತಾರೆ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು ಅನ್ನುತ್ತದೆ ಕಾನೂನು. ಅಂಥವರ ಹತ್ತಿರ ಅಸಲಿ ನಾಣ್ಯವೇ ಇದ್ದರೂ ಕೊಂಡವರಿಗೆ ತಲೆನೋವು ತಪ್ಪಿದ್ದಲ್ಲ.