"ರ‍್ಯಾಂಪ್ ಇದೆ ಬನ್ನಿ" ಎಂದರೆ ನಂಬಿ ಫೀಸ್ ಕಟ್ಟಬೇಡಿ

ನಾನು ವೀಲ್‌ಚೇರ್ ಬಳಸುವವಳು. ವಿಶ್ವವಿದ್ಯಾಲಯಕ್ಕೆ ಸೇರುವ ಮುಂಚೆ ಫೋನ್ ಮಾಡಿ ಕೇಳಿದ್ದೆ. "ರ‍್ಯಾಂಪ್ ಇದೆ, ಲಿಫ್ಟ್ ಇದೆ, ಏನೂ ತೊಂದರೆ ಇಲ್ಲ ಬನ್ನಿ" ಎಂದರು. ಸುಳ್ಳೇನೂ ಹೇಳಿರಲಿಲ್ಲ. ಎರಡೂ ಇದ್ದವು.

ಬಾಗಿಲ ಮುಂದೆ ಮೂರು ಮೆಟ್ಟಿಲು, ಒಟ್ಟು 45 ಸೆಂಟಿಮೀಟರ್ ಎತ್ತರ. ಒಂದು ಅಡಿ ಏರಬೇಕಾದರೆ 12 ಅಡಿ ಉದ್ದದ ಇಳಿಜಾರು ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಅಂದರೆ ಅಲ್ಲಿ 5.4 ಮೀಟರ್ ಬೇಕಿತ್ತು. ಇದ್ದದ್ದು ಎರಡು ಮೀಟರ್. ಸಾಮಾನಿನ ತಳ್ಳುಗಾಡಿ ಹತ್ತಿಸಲು ಮಾಡಿದ್ದಂತೆ! ಒಬ್ಬಳೇ ಏರಲು ಹೋದರೆ ಮುಂದಿನ ಚಕ್ರ ಮೇಲೇಳುತ್ತಿತ್ತು. ದಿನಾ ಯಾರಾದರೂ ಹಿಂದೆ ನಿಲ್ಲಬೇಕಿತ್ತು.

ಲಿಫ್ಟ್ ಎರಡನೇ ವಾರವೇ ಕೆಟ್ಟಿತು. ತರಗತಿ ಇದ್ದದ್ದು ಎರಡನೇ ಮಹಡಿಯಲ್ಲಿ. "ನಾವಿದ್ದೀವಲ್ಲ, ಎತ್ಕೊಂಡು ಹೋಗ್ತೀವಿ" ಎಂದು ನಾಲ್ವರು ಗೆಳೆಯರು ಬಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಒಬ್ಬ ಕೈ ಇಡುವ ಪಟ್ಟಿ ಹಿಡಿದು ಎತ್ತಿದ. ಅದು ಕಳಚಿ ಬರುವಂಥದ್ದು. ಅರ್ಧ ದಾರಿಯಲ್ಲಿ ಅವನ ಕೈಗೇ ಬಂತು, ಕುರ್ಚಿ ವಾಲಿತು, ನನ್ನ ಭುಜ ಗೋಡೆಗೆ ಬಡಿಯಿತು. ಗೋಡೆಯಿದ್ದ ಕಡೆ ವಾಲಿದ್ದು ಪುಣ್ಯ. ಎತ್ತಲೇಬೇಕಾಗಿ ಬಂದರೆ ಕಳಚದ ಚೌಕಟ್ಟನ್ನೇ ಹಿಡಿಯಲು ಮೊದಲೇ ಹೇಳಿ. ಕೈಪಟ್ಟಿ, ಕಾಲಿಡುವ ಹಲಗೆ, ಚಕ್ರ ಮುಟ್ಟುವ ಹಾಗಿಲ್ಲ. ನನ್ನನ್ನು ಕೇಳಿದರೆ, ಒಪ್ಪಲೇಬೇಡಿ. ಒಂದು ಸಲ ಒಪ್ಪಿದಿರೋ, ಲಿಫ್ಟ್ ರಿಪೇರಿಗೆ ಯಾರಿಗೂ ಅವಸರವೇ ಇರುವುದಿಲ್ಲ. ಇನ್ನು ಮೆಟ್ಟಿಲು ಹತ್ತಲ್ಲ ಎಂದು ಬರೆದುಕೊಟ್ಟ ಮಾರನೇ ದಿನವೇ ನಮ್ಮ ತರಗತಿ ಕೆಳಗೆ ಬಂತು. ಆ ಕೋಣೆ ಮೊದಲಿನಿಂದಲೂ ಖಾಲಿಯೇ ಇತ್ತು.

ಶೌಚಾಲಯದ ಬಗ್ಗೆ ಜಾಸ್ತಿ ಹೇಳಲ್ಲ. ವೀಲ್‌ಚೇರ್ ಚಿತ್ರ ಅಂಟಿಸಿದ ಬಾಗಿಲಿಗೆ ಬೀಗ, ಒಳಗೆ ಬಕೆಟ್ಟು, ಪೊರಕೆ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಉರಿಮೂತ್ರ ಶುರುವಾಯಿತು.

ಫೀಸ್ ಕಟ್ಟುವ ಮುಂಚೆ ನಿಮ್ಮದೇ ಕುರ್ಚಿಯಲ್ಲಿ ಒಂದು ಸಲ ಹೋಗಿ ಬನ್ನಿ. ರಜಾ ದಿನ ಬೇಡ, ತರಗತಿ ನಡೆಯುವ ದಿನ. ಗೇಟಿನಿಂದ ತರಗತಿಗೆ, ಅಲ್ಲಿಂದ ಶೌಚಾಲಯಕ್ಕೆ, ಗ್ರಂಥಾಲಯಕ್ಕೆ, ಹಾಸ್ಟೆಲ್ ಕೋಣೆಗೆ. ಅಳತೆ ಟೇಪ್ ಜೊತೆಗಿರಲಿ. ಬಾಗಿಲು ಪೂರ್ತಿ ತೆರೆದಾಗ 80 ಸೆಂಟಿಮೀಟರಾದರೂ ಸಿಗಬೇಕು. ಶೌಚಾಲಯದೊಳಗೆ ಕುರ್ಚಿ ತಿರುಗಿಸಲು ಸುಮಾರು 150 ಸೆಂಟಿಮೀಟರ್ ಜಾಗ ಬೇಕು. ಲಿಫ್ಟ್ ಇದೆಯಾ ಅಂತ ಕೇಳಬೇಡಿ. ಕೆಟ್ಟರೆ ತರಗತಿ ಎಲ್ಲಿಗೆ ಹೋಗುತ್ತದೆ, ಯಾರು ತೀರ್ಮಾನ ಮಾಡುತ್ತಾರೆ, ಎಷ್ಟು ದಿನದಲ್ಲಿ ಅಂತ ಕೇಳಿ. ಉತ್ತರ ಬರಹದಲ್ಲೇ ತೆಗೆದುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರಲ್ಲ.

ಇನ್ನೊಂದು ಪ್ರಶ್ನೆ ನನಗೆ ಹೊಳೆದದ್ದೇ ಮೂರು ತಿಂಗಳ ಮೇಲೆ. ಬೆಂಕಿ ಬಿದ್ದರೆ ಲಿಫ್ಟ್ ಬಳಸಬಾರದು ಅಲ್ವಾ, ಮೇಲಿದ್ದರೆ ನಾನು ಇಳಿಯುವುದು ಹೇಗೆ? ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಅಂಥದ್ದೆಲ್ಲ ಇಲ್ಲಿ ಆಗಲ್ಲ ಬಿಡಮ್ಮ" ಎಂದರು.