ಲೇಖನದ ಹೆಸರು ಹಿಡಿದು ಕರೆದ ಸಂಜೆ

ಲಾಸ್ ಏಂಜಲೀಸ್‌ನಲ್ಲಿ ನಟರಿಗೆ, ನಿರ್ದೇಶಕರಿಗೆ ಪ್ರಶಸ್ತಿ ಕೊಡುವ ಸಮಾರಂಭಗಳಿಗೆ ಲೆಕ್ಕವಿಲ್ಲ. ಅವರ ಬಗ್ಗೆ ಬರೆಯುವವರಿಗೆ, ರೇಡಿಯೋದಲ್ಲಿ ಮಾತಾಡುವವರಿಗೆ, ಅವರ ಫೋಟೋ ತೆಗೆಯುವವರಿಗೆ ಅಂತಲೇ ಒಂದು ಸಂಜೆ ಇದೆ ಅನ್ನುವುದು ಈ ಊರಲ್ಲೇ ಇರುವ ನಮ್ಮ ಎಷ್ಟೋ ಕನ್ನಡದವರಿಗೆ ಗೊತ್ತಿಲ್ಲ. ಲಾಸ್ ಏಂಜಲೀಸ್ ಪ್ರೆಸ್ ಕ್ಲಬ್ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಇದನ್ನು ನಡೆಸಿಕೊಂಡು ಬಂದಿದೆ. ಹೆಸರು ಸ್ವಲ್ಪ ಉದ್ದ: ನ್ಯಾಷನಲ್ ಆರ್ಟ್ಸ್ ಅಂಡ್ ಎಂಟರ್‌ಟೈನ್‌ಮೆಂಟ್ ಜರ್ನಲಿಸಂ ಅವಾರ್ಡ್ಸ್. 2023ರ ಡಿಸೆಂಬರ್‌ನಲ್ಲಿ ನಡೆದ ಸಂಜೆಗೆ ನಾನು ಹೋಗಿದ್ದೆ. ಕಲೆ, ನಾಟಕ, ಸಿನಿಮಾ ಪತ್ರಿಕೋದ್ಯಮದ ಮೇಲೆ ಪ್ರೀತಿ ಇರುವ ಯಾರಿಗಾದರೂ ಹೋಗಿ ಬನ್ನಿ ಅಂತ ಧೈರ್ಯವಾಗಿ ಹೇಳುತ್ತೇನೆ. ಯಾಕೆ ಅನ್ನುವುದನ್ನು ಮಾತ್ರ ವಿವರವಾಗಿ ಹೇಳಬೇಕು.

ನಾನು ಇಲ್ಲಿ ಒಂದು ಸಣ್ಣ ಪಾಡ್‌ಕಾಸ್ಟ್ ತಂಡದಲ್ಲಿ ಸೌಂಡ್ ಎಡಿಟಿಂಗ್ ಮಾಡುತ್ತೇನೆ. ರಂಗಭೂಮಿ, ಸಂಗೀತ ನಮ್ಮ ವಿಷಯ. ನಮ್ಮದೊಂದು ಕಂತು ಕೊನೆಯ ಸುತ್ತಿಗೆ ಬಂದಿತ್ತು, ಹಾಗಾಗಿ ತಂಡದವರೆಲ್ಲ ಒಂದು ಟೇಬಲ್ ಹಿಡಿದು ಕೂತಿದ್ದೆವು. ಮೊದಲ ಬಹುಮಾನ ನಮಗೆ ಬರಲಿಲ್ಲ. ಬಂದವರ ಕೆಲಸವನ್ನು ಮೊದಲೇ ಕೇಳಿದ್ದೆ, ಅದು ನಿಜಕ್ಕೂ ನಮ್ಮದಕ್ಕಿಂತ ಚೆನ್ನಾಗಿತ್ತು.

ಜಾಗದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಡೌನ್‌ಟೌನ್‌ನ ಬಿಲ್ಟ್‌ಮೋರ್ ಹೋಟೆಲ್, ಪರ್ಶಿಂಗ್ ಸ್ಕ್ವೇರ್ ಪಾರ್ಕಿನ ಎದುರಿಗೆ. 1923ರಲ್ಲಿ ತೆರೆದದ್ದು. ಒಳಗೆ ಹೋದ ಕೂಡಲೇ ತಲೆ ಎತ್ತಿ ಚಾವಣಿ ನೋಡಿ. ಇಟಲಿಯ ಜಿಯೊವಾನಿ ಸ್ಮೆರಾಲ್ಡಿ ಅನ್ನುವ ಕಲಾವಿದ ಮಾಡಿದ ಚಿತ್ತಾರ ಇನ್ನೂ ಇದೆ. ಈಗ ಆಸ್ಕರ್ ಕೊಡುವ ಅಕಾಡೆಮಿ ಇದೆಯಲ್ಲ, ಅದರ ಸ್ಥಾಪನೆಯ ಔತಣ 1927ರ ಮೇ 11ರಂದು ನಡೆದದ್ದು ಇದೇ ಹೋಟೆಲಿನ ಕ್ರಿಸ್ಟಲ್ ಬಾಲ್‌ರೂಂನಲ್ಲಿ. 1930, 40ರ ದಶಕಗಳಲ್ಲಿ ಆಸ್ಕರ್ ಸಮಾರಂಭವೇ ಹಲವು ಸಲ ಇಲ್ಲಿ ಆಗಿದೆ. ಸಿನಿಮಾದವರು ತಮಗೆ ತಾವೇ ಸನ್ಮಾನ ಮಾಡಿಕೊಂಡ ಕಟ್ಟಡದಲ್ಲಿ ಈಗ ಸಿನಿಮಾ ಬಗ್ಗೆ ಖಡಾಖಂಡಿತವಾಗಿ ಬರೆಯುವವರಿಗೆ ಸನ್ಮಾನ. ನನಗೆ ಇದು ಬಹಳ ಇಷ್ಟವಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಬಹುಮಾನ ಕೊಡುವುದು ಒಂದು ನಿರ್ದಿಷ್ಟ ಕೆಲಸಕ್ಕೆ. ವೇದಿಕೆಯ ಮೇಲೆ ಹೆಸರು ಕರೆಯುವಾಗ ವ್ಯಕ್ತಿಯ ಹೆಸರು, ಸಂಸ್ಥೆಯ ಹೆಸರು, ಜೊತೆಗೆ ಆ ಲೇಖನದ ಅಥವಾ ಕಂತಿನ ಶೀರ್ಷಿಕೆ. ಜೀವಮಾನ ಸಾಧನೆಯ ಗೌರವಗಳೂ ಇವೆ, ಆದರೆ ಅವು ಕೆಲವೇ. ಉಳಿದದ್ದೆಲ್ಲ ಆ ವರ್ಷ ಮಾಡಿದ ಒಂದೊಂದು ಕೆಲಸದ ಲೆಕ್ಕ. ಸಿನಿಮಾ ವಿಮರ್ಶೆ, ಟಿವಿ ವಿಮರ್ಶೆ, ವ್ಯಕ್ತಿಚಿತ್ರ, ತನಿಖಾ ವರದಿ, ಉದ್ಯಮದ ಹಣಕಾಸಿನ ವರದಿ, ಫೋಟೋ, ರೇಡಿಯೋ, ಪಾಡ್‌ಕಾಸ್ಟ್, ಹೀಗೆ ವಿಭಾಗಗಳು ಬೇಕಾದಷ್ಟು. ಕೊನೆಯ ಸುತ್ತಿಗೆ ಬಂದವರ ಪಟ್ಟಿಯನ್ನು ಸಮಾರಂಭಕ್ಕೆ ಕೆಲವು ವಾರ ಮೊದಲೇ ಪ್ರಕಟಿಸುತ್ತಾರೆ. ಶೀರ್ಷಿಕೆ ಇರುವುದರಿಂದ ಯಾರು ಬೇಕಾದರೂ ಹುಡುಕಿ ಓದಬಹುದು. ನಾನು ಸಂಜೆ ರೈಲಿನಲ್ಲಿ ಮನೆಗೆ ಬರುವಾಗ ಒಂದೊಂದಾಗಿ ಓದಿದೆ. ಆ ಪಟ್ಟಿಯೇ ಒಂದು ಒಳ್ಳೆಯ ವಿಶೇಷಾಂಕದ ಹಾಗಿತ್ತು.

ತೀರ್ಪು ಕೊಡುವವರು ಬೇರೆ ಊರಿನ ಪ್ರೆಸ್ ಕ್ಲಬ್‌ಗಳ ಪತ್ರಕರ್ತರು. ಇಲ್ಲಿನವರ ಕೆಲಸವನ್ನು ಇಲ್ಲಿನವರೇ ತೂಗುವುದಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಒಂದೇ ಊರಿನಲ್ಲಿ, ಒಂದೇ ಪತ್ರಿಕಾಗೋಷ್ಠಿಗಳಲ್ಲಿ ದಿನಾ ಮುಖ ನೋಡುವವರು ಒಬ್ಬರಿಗೊಬ್ಬರು ಅಂಕ ಕೊಡುವುದು ಎಷ್ಟು ಕಷ್ಟ ಅಂತ ಈ ಕೆಲಸದಲ್ಲಿ ಇರುವ ಎಲ್ಲರಿಗೂ ಗೊತ್ತು. ಗೆದ್ದವರ ಪಟ್ಟಿಯ ಜೊತೆ ತೀರ್ಪುಗಾರರ ಒಂದೆರಡು ಸಾಲಿನ ಟಿಪ್ಪಣಿಯೂ ಇರುತ್ತದೆ. ಯಾಕೆ ಈ ಲೇಖನ ಮೇಲೆ ಬಂತು ಅನ್ನುವುದಕ್ಕೆ ಕಾರಣ. ಸುಮ್ನೆ ಹೊಗಳಿಕೆ ಅಲ್ಲ.

ನಾನು ಸಾಗರದವಳು. ಹೆಗ್ಗೋಡು ಪಕ್ಕದಲ್ಲೇ. ಅಲ್ಲಿನ ರಂಗಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡಿ, ಮಾರನೇ ದಿನ ಬೆಳಿಗ್ಗೆ ಎಲ್ಲರೂ ಕೂತು ಆ ನಾಟಕದ ಬಗ್ಗೆ ಮಾತಾಡುವ ರೂಢಿ ಇದೆ. ನಾಟಕ ಮಾಡಿದವರೂ ಅಲ್ಲೇ ಇರುತ್ತಾರೆ. ಚೆನ್ನಾಗಿತ್ತು ಅಂತ ಹೇಳಿ ಕೂತುಬಿಟ್ಟರೆ ಅಲ್ಲಿ ಯಾರೂ ಬಿಡುವುದಿಲ್ಲ. ಏನು ಚೆನ್ನಾಗಿತ್ತು, ಎಲ್ಲಿ ಸಡಿಲವಾಯಿತು, ಅದನ್ನು ಹೇಳಬೇಕು. ಆ ಶಿಬಿರದ ಹಿಂದಿದ್ದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗದಲ್ಲಿ. ಪತ್ರಿಕೋದ್ಯಮವನ್ನೂ ಕಲೆಯನ್ನೂ ಒಂದೇ ಸಾಲಿನಲ್ಲಿ ಇಟ್ಟ ವಿಭಾಗ. ಅವತ್ತು ತೀರ್ಪುಗಾರರ ಟಿಪ್ಪಣಿ ಓದುವಾಗ ನನಗೆ ಹೆಗ್ಗೋಡಿನ ಬೆಳಗಿನ ಆ ಚರ್ಚೆಯ ನೆನಪೇ ಬಂತು.

ನನ್ನನ್ನು ಜಾಸ್ತಿ ಹಿಡಿದಿಟ್ಟ ವಿಭಾಗ ಯಾವುದು ಗೊತ್ತಾ? ಶ್ರದ್ಧಾಂಜಲಿ ಬರಹ. ಹೌದು, ಕಲಾವಿದರು ತೀರಿಕೊಂಡಾಗ ಬರೆಯುವ ಲೇಖನಗಳಿಗೂ ಇಲ್ಲಿ ಬಹುಮಾನವಿದೆ. ಪತ್ರಿಕೆಯಲ್ಲಿ ಅತಿ ಅವಸರದಲ್ಲಿ ಬರೆಯುವ ಬರಹ ಅದು. ಸಂಜೆ ಸುದ್ದಿ ಬರುತ್ತದೆ, ರಾತ್ರಿಯೊಳಗೆ ಒಂದು ಬದುಕನ್ನು ಹೇಳಿ ಮುಗಿಸಬೇಕು. ತಾರೀಖು ತಪ್ಪಬಾರದು, ಮನೆಯವರಿಗೆ ನೋವಾಗಬಾರದು, ಆದರೆ ಸುಳ್ಳೂ ಹೇಳಬಾರದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ದಿನ ನಮ್ಮ ಪತ್ರಿಕೆಗಳ ಸಿನಿಮಾ ವಿಭಾಗದವರು ಯಾವ ಸ್ಥಿತಿಯಲ್ಲಿ ಕೆಲಸ ಮಾಡಿರಬೇಕು ಯೋಚಿಸಿ. ಅವರೂ ಅಳುತ್ತಿದ್ದವರೇ. ತುಂಬಲಾರದ ನಷ್ಟ ಅಂತ ಬರೆದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಕೆಲವರು ಅವರ ಬಾಲನಟನ ದಿನಗಳಿಂದ ಹಿಡಿದು ನೇತ್ರದಾನದವರೆಗೆ ಎಳೆ ಎಳೆಯಾಗಿ ಬರೆದರು. ಅವತ್ತಿನ ಬರಹಗಳಲ್ಲಿ ಒಂದಕ್ಕಾದರೂ, ಆ ಬರಹದ ಹೆಸರು ಹೇಳಿ, ಯಾವ ಪ್ಯಾರಾ ಯಾಕೆ ಚೆನ್ನಾಗಿದೆ ಅಂತ ಹೇಳಿ ಯಾರಾದರೂ ಬಹುಮಾನ ಕೊಡಬೇಕಿತ್ತು.

ಆ ವರ್ಷದ ಸಂಜೆಗೆ ಇನ್ನೊಂದು ಹಿನ್ನೆಲೆ ಇತ್ತು. 2023ರ ಮೇ 2ರಿಂದ ಹಾಲಿವುಡ್‌ನ ಚಿತ್ರಕಥೆ ಬರೆಯುವವರು ಮುಷ್ಕರ ಹೂಡಿದ್ದರು. ಅದು ನಡೆದದ್ದು 148 ದಿನ. ಜುಲೈನಲ್ಲಿ ನಟರೂ ಸೇರಿಕೊಂಡರು, ಅವರದ್ದು ನವೆಂಬರ್ 9ಕ್ಕೆ ಮುಗಿಯಿತು. ನಾವು ಬಿಲ್ಟ್‌ಮೋರ್‌ಗೆ ಹೋದಾಗ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಈ ಊರಲ್ಲಿ ಮುಷ್ಕರ ಅಂದರೆ ನಟರ ಸಂಬಳದ ವಿಷಯ ಮಾತ್ರ ಅಲ್ಲ. ಸೆಟ್ಟಿಗೆ ಊಟ ಕೊಡುವವರು, ಬಟ್ಟೆ ಒಗೆಯುವವರು, ಲೈಟ್ ಬಾಡಿಗೆಗೆ ಕೊಡುವವರು ಎಲ್ಲರ ಮನೆ ಒಲೆಯ ವಿಷಯ. ನನ್ನ ಜೊತೆ ಕೆಲಸ ಮಾಡುವ ಎಷ್ಟೋ ಸೌಂಡ್ ಮಂದಿ ಆ ಬೇಸಿಗೆಯಲ್ಲಿ ಖಾಲಿ ಕೂತಿದ್ದರು. ಇಂಥ ಹೊತ್ತಲ್ಲಿ ಮನರಂಜನಾ ಪತ್ರಕರ್ತರು ಕಾರ್ಮಿಕ ವರದಿಗಾರರಾದರು. ಒಪ್ಪಂದದ ಕರಾರು ಓದಿದರು, ಸ್ಟ್ರೀಮಿಂಗ್ ಕಂಪನಿಗಳ ಲೆಕ್ಕ ಕೆದಕಿದರು, ಎಐ ಬಂದರೆ ಬರಹಗಾರರ ಗತಿ ಏನು ಅಂತ ಕೇಳಿದರು. ಸಿನಿಮಾ ಪುಟ ಅಂದರೆ ಗಾಸಿಪ್ ಅಂದುಕೊಂಡವರು ಆ ಆರು ತಿಂಗಳ ವರದಿಗಳನ್ನು ಓದಬೇಕು. 2017ರ ಅಕ್ಟೋಬರ್‌ನಲ್ಲಿ ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ಮೇಲಿನ ಲೈಂಗಿಕ ಕಿರುಕುಳದ ಆರೋಪಗಳ ಬಗ್ಗೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜೋಡಿ ಕ್ಯಾಂಟರ್ ಮತ್ತು ಮೇಗನ್ ಟೂಹಿ ಬರೆದದ್ದೂ ಚಿತ್ರರಂಗದ ವರದಿಯೇ ಅಲ್ವಾ? ಇಡೀ ಜಗತ್ತೇ ಅದರಿಂದ ಅಲುಗಾಡಿತು.

ಒಂದು ಭಿನ್ನಾಭಿಪ್ರಾಯವನ್ನೂ ಹೇಳಬೇಕು. ಇಲ್ಲಿ ಪತ್ರಕರ್ತರ ಜೊತೆ ಚಿತ್ರರಂಗದ ಹಿರಿಯರಿಗೂ ಗೌರವ ಪ್ರಶಸ್ತಿ ಕೊಡುವ ಪದ್ಧತಿ ಇದೆ. ತಾರೆಯರು ಬಂದರೆ ಕ್ಯಾಮೆರಾ ಬರುತ್ತದೆ, ಟೇಬಲ್ ಮಾರಾಟವಾಗುತ್ತದೆ, ಕ್ಲಬ್ಬಿಗೂ ನಾಲ್ಕು ಕಾಸು ಬರುತ್ತದೆ. ಅದು ಅರ್ಥವಾಗುತ್ತದೆ. ಆದರೂ ಪತ್ರಕರ್ತರು ತಾವು ಯಾರ ಬಗ್ಗೆ ಬರೆಯಬೇಕೋ ಅವರಿಗೇ ತಮ್ಮ ವೇದಿಕೆಯಲ್ಲಿ ಪ್ರಶಸ್ತಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅತಿಥಿಯಾಗಿ ಬರಲಿ, ಬಹುಮಾನ ವಿತರಣೆ ಮಾಡಲಿ, ಅದು ಚೆನ್ನ. ನನ್ನ ಪಕ್ಕ ಕೂತಿದ್ದ ನಿರ್ಮಾಪಕಿ ಇದನ್ನು ಒಪ್ಪಲಿಲ್ಲ. ತಾರೆಯರ ನೆಪದಲ್ಲಾದರೂ ಜನ ಈ ಪತ್ರಕರ್ತರ ಹೆಸರು ಕೇಳಲಿ ಅನ್ನುವುದು ಅವಳ ವಾದ. ಊಟ ಮುಗಿಯುವವರೆಗೂ ಇದೇ ಮಾತು ನಡೆಯಿತು.

ಊಟ ಅಂದ ಕೂಡಲೇ: ಸಸ್ಯಾಹಾರಿಗಳು ಟಿಕೆಟ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ. ನಾನು ಹೇಳಿದ್ದೆ, ತರಕಾರಿ ಮತ್ತು ಅಣಬೆಯ ತಟ್ಟೆ ಬಿಸಿಯಾಗಿಯೇ ಬಂತು. ಖಾರ ಏನೂ ಇರಲ್ಲ. ಟಿಕೆಟ್ ಅಗ್ಗವಲ್ಲ, ಅದಂತೂ ನಿಜ. ಕೆಲಸದ ತಂಡದ ಜೊತೆ ಹೋದರೆ ಹಗುರ. ಬಟ್ಟೆಯ ವಿಷಯದಲ್ಲಿ ಸ್ವಲ್ಪ ಚೆನ್ನಾಗಿಯೇ ಹೋಗಿ, ಎಲ್ಲರೂ ನೀಟಾಗಿ ಬಂದಿರುತ್ತಾರೆ. ನಾನು ಅಮ್ಮನ ಹಸಿರು ಮೈಸೂರು ಸಿಲ್ಕ್ ಸೀರೆ ಉಟ್ಟಿದ್ದೆ.

ಕಾರು ಮಾತ್ರ ತರಬೇಡಿ. ನಮ್ಮ ತಂಡದ ಇಬ್ಬರು ಹತ್ತಿರದ ಒಂದು ಪಾರ್ಕಿಂಗ್ ಕಟ್ಟಡದಲ್ಲಿ ಕಾರು ಬಿಟ್ಟರು. ವಾಪಸ್ ಬಂದಾಗ ಕೇಳಿದ ದುಡ್ಡು ಗೇಟಿನ ಬೋರ್ಡಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿ. ಕೇಳೋಣ ಅಂದರೆ ಅಲ್ಲಿ ಮನುಷ್ಯರೇ ಇಲ್ಲ, ಮೆಷಿನ್ ಮಾತ್ರ. ನಾನು ಕಲ್ವರ್ ಸಿಟಿಯಿಂದ ಇ ಲೈನ್ ಮೆಟ್ರೋ ರೈಲು ಹಿಡಿದು, ಸೆವೆಂತ್ ಸ್ಟ್ರೀಟ್ ಸ್ಟೇಷನ್‌ನಲ್ಲಿ ಬದಲಾಯಿಸಿ, ಒಂದೇ ಸ್ಟಾಪ್ ದಾಟಿ ಪರ್ಶಿಂಗ್ ಸ್ಕ್ವೇರ್‌ನಲ್ಲಿ ಇಳಿದೆ. ಮೇಲೆ ಬಂದರೆ ಹೋಟೆಲ್ ಅಲ್ಲೇ.

ಆ ಸಂಜೆಯ ಖುಷಿ ತುಂಬಾ ದಿನ ಉಳಿಯಲಿಲ್ಲ ಅನ್ನುವುದನ್ನೂ ಬರೆಯಬೇಕು. 2024ರ ಜನವರಿಯಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ತನ್ನ ಸುದ್ದಿಮನೆಯಿಂದ 115ಕ್ಕೂ ಹೆಚ್ಚು ಜನರನ್ನು ತೆಗೆಯಿತು. ಅದೇ ವರ್ಷ ಮೇ ತಿಂಗಳಲ್ಲಿ, ಅದೇ ಪತ್ರಿಕೆಯಲ್ಲಿ ಬರೆದ ಸಿನಿಮಾ ವಿಮರ್ಶೆಗಳಿಗಾಗಿ ಜಸ್ಟಿನ್ ಚಾಂಗ್ ಅವರಿಗೆ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಬಂತು. ಸಿನಿಮಾ ವಿಮರ್ಶಕರೊಬ್ಬರಿಗೆ ಪುಲಿಟ್ಜರ್ ಮೊದಲು ಸಿಕ್ಕಿದ್ದು 1975ರಲ್ಲಿ, ಷಿಕಾಗೋದ ರೋಜರ್ ಈಬರ್ಟ್ ಅವರಿಗೆ. ಗೌರವ ಸಿಕ್ಕ ಕೆಲಸಕ್ಕೆ ಸಂಬಳವೂ ಸಿಗುತ್ತದೆ ಅನ್ನುವ ಭರವಸೆ ಈಗ ಇಲ್ಲೂ ಇಲ್ಲ. ಹಾಗಾಗಿಯೇ ಇಂಥ ಸಂಜೆ ಬೇಕು ಅನ್ನಿಸುತ್ತದೆ. ಸ್ವತಂತ್ರವಾಗಿ ಬರೆಯುವ ಹುಡುಗಿಯೊಬ್ಬಳಿಗೆ ಮುಂದಿನ ಸಂಪಾದಕರ ಹತ್ತಿರ ತೋರಿಸಲು ಒಂದು ಸಾಲಾದರೂ ಸಿಗುತ್ತದೆ: ಈ ಲೇಖನ, ಈ ವರ್ಷ, ಈ ಕಾರಣಕ್ಕೆ.

ನಮ್ಮಲ್ಲಿ ಗೌರವ ಇಲ್ಲ ಅಂತಲ್ಲ. ಕೆ. ಪುಟ್ಟಸ್ವಾಮಿ ಅವರ 'ಸಿನಿಮಾ ಯಾನ'ಕ್ಕೆ ಸಿನಿಮಾ ಕುರಿತ ಅತ್ಯುತ್ತಮ ಪುಸ್ತಕ ಅಂತ ರಾಷ್ಟ್ರಪ್ರಶಸ್ತಿ ಬಂದಿದೆ. ಎನ್. ಮನು ಚಕ್ರವರ್ತಿ ಅವರಿಗೆ ಅತ್ಯುತ್ತಮ ಸಿನಿಮಾ ವಿಮರ್ಶಕ ಪ್ರಶಸ್ತಿ, ಸ್ವರ್ಣಕಮಲ, ಬಂದಿದೆ. ಸಿನಿಮಾ ಪತ್ರಿಕೋದ್ಯಮದಲ್ಲಿ ದಶಕಗಟ್ಟಲೆ ದುಡಿದ ವಿಜಯಮ್ಮನವರ ಆತ್ಮಕಥೆಗೆ 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಊರೂರಿನಲ್ಲಿ ನಡೆಯುವ ನಮ್ಮ ಪತ್ರಕರ್ತರ ಸನ್ಮಾನ ಹೇಗಿರುತ್ತದೆ ನಿಮಗೆ ಗೊತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ನಿರೂಪಕರು ಸುದೀರ್ಘ ಸೇವೆಗಾಗಿ ಅಂತ ಹೇಳುತ್ತಾರೆ. ಸನ್ಮಾನ ಮಾಡಿಸಿಕೊಂಡವರು ಬರೆದ ಒಂದು ಸಾಲನ್ನೂ ಆ ಸಭೆ ಕೇಳಿಸಿಕೊಳ್ಳುವುದಿಲ್ಲ. ಮೂವತ್ತು ವರ್ಷ ನಾಟಕ ವಿಮರ್ಶೆ ಬರೆದವರಿಗೆ ಇದಕ್ಕಿಂತ ದೊಡ್ಡ ಬೇಸರ ಬೇರೆ ಇಲ್ಲ.

ಬೆಂಗಳೂರಿನಲ್ಲೋ, ಮೈಸೂರು, ಧಾರವಾಡದಲ್ಲೋ ಇಂಥ ಸಮಿತಿಗಳಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ. ಶಾಲು ಇರಲಿ, ಹಣ್ಣೂ ಇರಲಿ. ಆಹ್ವಾನ ಪತ್ರಿಕೆಯಲ್ಲಿ ಪ್ರಶಸ್ತಿ ಪಡೆದವರ ಹೆಸರಿನ ಕೆಳಗೆ ಆ ವರ್ಷದ ಅವರ ಒಂದು ಲೇಖನದ ಹೆಸರು, ಬಂದ ಪತ್ರಿಕೆ, ತಾರೀಖು ಹಾಕಿ. ತೀರ್ಪನ್ನು ಬೇರೆ ಜಿಲ್ಲೆಯ ಪತ್ರಕರ್ತರಿಂದ ಮಾಡಿಸಿ, ಕಾರಣ ಎರಡು ಸಾಲಿನಲ್ಲಿ ಬರೆಸಿ. ಮುಖ್ಯ ಅತಿಥಿಗಳ ಭಾಷಣದಿಂದ ಐದು ನಿಮಿಷ ತೆಗೆದು, ಆ ಲೇಖನದ ಒಂದು ಪ್ಯಾರಾವನ್ನು ಒಳ್ಳೆಯ ದನಿಯವರಿಂದ ಓದಿಸಿ. ಮೈಕ್ ಸರಿಯಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಓದುವವರು ಸಿಗದಿದ್ದರೆ ನನಗೆ ಲೇಖನ ಕಳಿಸಿ, ಇಲ್ಲಿಂದಲೇ ರೆಕಾರ್ಡ್ ಮಾಡಿ ಕಳಿಸುತ್ತೇನೆ.